ಸಂಶೋಧನೆಯ ಹೊಣೆ: ನಿಡಘಟ್ಟದಿಂದ ಕಂಡಂತೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಮನೆತನದವರು ತಮ್ಮ ಹೆಸರನ್ನು ವೇದಿಕೆಯ ಮೇಲಿಂದ ಹೇಳಕೂಡದೆಂದು ಕೇಳಿಕೊಂಡಿರುವುದರಿಂದ, ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಮನಸ್ಸಿನಲ್ಲಿಯೇ ಸಲ್ಲಿಸಿ ವಿಷಯಕ್ಕೆ ಬರುತ್ತೇನೆ. ವೈಜ್ಞಾನಿಕ ಸಂಶೋಧನೆಯನ್ನೂ ಅದರಿಂದ ಹುಟ್ಟುವ ಹೊಸ ಸಾಧನಗಳನ್ನೂ ಹೊಣೆಯರಿತು ನಡೆಸತಕ್ಕ ಆಡಳಿತವು ಮುಂದೆ ಯಾವ ರೂಪವನ್ನು ತಾಳಬೇಕೆಂಬುದು ಇಂದಿನ ವಿಷಯ. ಇಂಥ ಮಾತನ್ನು ಬೆಂಗಳೂರಿನ ವಿಜ್ಞಾನಮಂದಿರವೊಂದರ ತಂಪಾದ ಸಭಾಂಗಣದಲ್ಲಿ ಆಡಬೇಕೇ ಹೊರತು ಮಂಡ್ಯ ಜಿಲ್ಲೆಯ ನಿಡಘಟ್ಟದಲ್ಲೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ತೋರಿರಬಹುದು. ಸಂಶೋಧನೆಯ ಮೊದಲ ಅಧ್ಯಾಯವು ಪ್ರಯೋಗಶಾಲೆಯಲ್ಲಿ ನಡೆಯುವುದು ನಿಜವಾದರೂ ಅದರ ಕೊನೆಯ ಅಧ್ಯಾಯವು ಯಾರದೋ ಹೊಲದಲ್ಲಿ, ಯಾರದೋ ಮನೆಯಂಗಳದಲ್ಲಿ, ಯಾರದೋ ಮೈಮೇಲೆ ನಡೆಯತಕ್ಕದ್ದಾಗಿದೆ. ಆ ಕೊನೆಯ ಅಧ್ಯಾಯವನ್ನು ನೂರು ವರ್ಷಗಳಿಂದ ಓದುತ್ತ ಬಂದಿರುವ ಸೀಮೆ ನಿಮ್ಮದು.

ಹತ್ತಿರದ ಸಂಗತಿಯಿಂದಲೇ ಹೊರಡೋಣ. ಬೆಂಗಳೂರು–ಮೈಸೂರು ದಶಪಥವನ್ನು ಯೋಜಿಸಿದವರು ಕಾಮಗಾರಿಯನ್ನು ಎರಡು ಪಾಲು ಮಾಡಿ, ಬೆಂಗಳೂರಿನಿಂದ ನಿಡಘಟ್ಟದವರೆಗಿನ ಸುಮಾರು 56 ಕಿಲೋಮೀಟರನ್ನು ಒಂದು ಪಾಲೆಂದೂ, ನಿಡಘಟ್ಟದಿಂದ ಮೈಸೂರಿನವರೆಗಿನ ಸುಮಾರು 61 ಕಿಲೋಮೀಟರನ್ನು ಮತ್ತೊಂದೆಂದೂ ಗುರುತಿಸಿದರು. ಅಂದಿನಿಂದ ಈ ಊರಿನ ಹೆಸರು ಇಡೀ ನಾಡಿನ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿತು. ಊರಿನವರ ಸುಖದುಃಖಕ್ಕಾಗಿ ಅಲ್ಲ, ಕಾಮಗಾರಿಯ ಎಲ್ಲೆಗಲ್ಲಾಗಿ. 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಮಂಡ್ಯಕ್ಕೆ ಬಂದು ರಸ್ತೆಯನ್ನು ಲೋಕಾರ್ಪಣೆ ಮಾಡಿದರು. ಅದಕ್ಕೂ ಹಿಂದಿನ ವರ್ಷದ ಮಳೆಯಲ್ಲಿ ರಾಮನಗರದ ಬಳಿ ಇದೇ ರಸ್ತೆಯ ಮೇಲೆ ನೀರು ನಿಂತು ವಾಹನಗಳು ಮುಳುಗಿದ್ದನ್ನು ನೀವು ಮರೆತಿರಲಾರಿರಿ. ಉದ್ಘಾಟನೆಯಾದ ಆ ಒಂದು ವರ್ಷದಲ್ಲಿಯೇ ಈ ಹಾದಿಯಲ್ಲಿ ನೂರಕ್ಕೂ ಮಿಕ್ಕು ಜನ ಪ್ರಾಣ ಬಿಟ್ಟರು. ತರುವಾಯ ತಜ್ಞರು ಬಂದು ನೋಡಿದರು, ಬೇಲಿ ಭದ್ರವಾಯಿತು, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಷೇಧವಾಯಿತು, ಆಮೇಲೆ ವೇಗವನ್ನೂ ನಂಬರ್ ಪ್ಲೇಟನ್ನೂ ತಾವೇ ಓದಿಕೊಳ್ಳುವ ಕ್ಯಾಮೆರಾಗಳು ಬಂದುವು.

ನಾನು ರಸ್ತೆಯ ವಿರೋಧಿಯಲ್ಲ; ಈ ದಿನ ಇಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಿದ್ದು ಅದೇ ರಸ್ತೆಯಿಂದ. ಆದರೆ ಅನುಕ್ರಮವನ್ನು ಗಮನಿಸಿರಿ. ಮೊದಲು ವಸ್ತು, ಆಮೇಲೆ ಸಾವು, ಕೊನೆಗೆ ನಿಯಮ. ಬಲಗಡೆಯ ಮನೆಯಿಂದ ಎಡಗಡೆಯ ಹೊಲಕ್ಕೆ ದನ ಹೊಡೆದುಕೊಂಡು ಹೋಗುವವನು ಎಲ್ಲಿ ದಾಟಬೇಕು ಎಂಬ ಪ್ರಶ್ನೆಗೆ ಉತ್ತರವು ನಕ್ಷೆಯಲ್ಲಿಯೇ ಇರಬೇಕಾಗಿತ್ತು; ಅಂಡರ್‌ಪಾಸಿಗಾಗಿ ಅರ್ಜಿ ಹಿಡಿದು ತಿರುಗುವುದರಲ್ಲಿ ಅಲ್ಲ. ಆ ಉತ್ತರವನ್ನು ಹೇಳಬಲ್ಲವನು ಪ್ರತಿದಿನವೂ ದಾಟುವವನೇ, ಮತ್ತು ಅವನನ್ನು ಯಾರೂ ಕೇಳಲಿಲ್ಲ.

ಇದು ಹೊಸ ಕಾಲದ ದೋಷವೆಂದು ತಿಳಿಯುವುದು ಹಳೆಯ ಕಾಲಕ್ಕೆ ಸಲ್ಲದ ಗೌರವ ಕೊಟ್ಟಂತೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು; ಆ ತಂತಿಯ ಅಡಿಯಲ್ಲಿ ಬೇಸಾಯ ಮಾಡುತ್ತಿದ್ದವರ ಮನೆಗಳಲ್ಲಿ ಬಹುಕಾಲ ಹರಳೆಣ್ಣೆಯ ದೀಪವೇ ಉರಿಯಿತು. ಆ ಅದ್ಭುತವನ್ನು ಕೊಂಡಾಡುವ ಬರಹಗಳಿಗೆ ಲೆಕ್ಕವಿಲ್ಲವಾದ್ದರಿಂದ ನಾನು ಮುಂದಕ್ಕೆ ಹೋಗುತ್ತೇನೆ.

ನಾಲೆಯ ಕಥೆಯನ್ನು ಮಾತ್ರ ಸಾವಕಾಶವಾಗಿ ಹೇಳಬೇಕು. ಕನ್ನಂಬಾಡಿಯ ಕಟ್ಟೆಯಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹೊಕ್ಕು ಹೊರಟು, ಮಂಡ್ಯ ಮದ್ದೂರು ಮಳವಳ್ಳಿಗಳ ಒಣನೆಲವನ್ನು ಗದ್ದೆಯನ್ನಾಗಿ ಮಾಡಿದ ಆ ನಾಲೆಗೆ ಮೊದಲು ವೈಸರಾಯ್ ಇರ್ವಿನ್ನರ ಹೆಸರಿತ್ತು, ಈಗ ವಿಶ್ವೇಶ್ವರಯ್ಯನವರದಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ನೀರನ್ನು ಕಬ್ಬಿಗೂ ಕಬ್ಬನ್ನು ಕಾರ್ಖಾನೆಗೂ ಹೊಂದಿಸಿ ಕೊಟ್ಟದ್ದರ ಫಲವಾಗಿ 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಈ ಜಿಲ್ಲೆಯ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಪಟವು ದೇವರ ಪಟದ ಸಾಲಿನಲ್ಲಿ ತೂಗುತ್ತಿರುವುದು ಅಕಾರಣವಲ್ಲ.

ಅವರು ನೀರನ್ನು ಮಾತ್ರ ಕೊಡಲಿಲ್ಲ. ನೀರಿನೊಡನೆ ಒಂದು ನಿಯಮವನ್ನೂ ಕೊಟ್ಟರು. ಮುಂಬಯಿ ಪ್ರಾಂತದ ನೀರಾ ಕಾಲುವೆಯಲ್ಲಿ ತಾವು ಮೊದಲು ಪ್ರಯೋಗಿಸಿ ನೋಡಿದ್ದ ಬ್ಲಾಕ್ ಪದ್ಧತಿಯನ್ನು ಇಲ್ಲಿಗೂ ಯೋಜಿಸಿ, ಭೂಮಿಯನ್ನು ಭಾಗ ಮಾಡಿ, ಒಂದರಲ್ಲಿ ಭತ್ತ, ಒಂದರಲ್ಲಿ ಕಬ್ಬು, ಒಂದರಲ್ಲಿ ಕಡಮೆ ನೀರಿನ ಬೆಳೆ, ಹೀಗೆ ಸರದಿಯ ಮೇಲೆ ತಿರುಗಬೇಕೆಂದು ವಿಧಿಸಿದರು. ನೀರು ಹೆಚ್ಚು ಊರುಗಳನ್ನು ಮುಟ್ಟಬೇಕು, ನೆಲ ಜೌಗಾಗಬಾರದು ಎಂಬುದು ಅದರ ಆಶಯ. ಒಂದು ಹೊಸ ವಿದ್ಯೆಯ ಅನಿಷ್ಟಫಲವನ್ನು ಮುಂದಾಗಿಯೇ ಊಹಿಸಿ, ಅದನ್ನು ತಡೆಯುವ ಕ್ರಮವನ್ನು ವಿದ್ಯೆಯ ಜತೆಯಲ್ಲಿಯೇ ಇಳಿಸಿದ ಇಂಥ ದೂರದೃಷ್ಟಿ ಆ ಕಾಲದಲ್ಲಿ ಎಷ್ಟು ದೇಶಗಳಲ್ಲಿತ್ತೋ ನಾನರಿಯೆ. ಆದರೆ ನಿಯಮವನ್ನು ಮಾಡಿದವರು ಎಂಜಿನಿಯರುಗಳು, ಪಾಲಿಸಬೇಕಾಗಿದ್ದವರು ರೈತರು, ಈ ಇಬ್ಬರ ನಡುವೆ ಆ ನಿಯಮವನ್ನು ತಮ್ಮದೆಂದು ಹಿಡಿದುಕೊಂಡ ಮೂರನೆಯವರು ಯಾರೂ ಇರಲಿಲ್ಲ. ಭತ್ತಕ್ಕೂ ಕಬ್ಬಿಗೂ ಬೆಲೆ ಬಂದಂತೆಲ್ಲ ಸರದಿಯು ಸಡಿಲವಾಯಿತು. ತೂಬಿನ ಬಳಿಯಿರುವವರು ತುಂಬ ಹಾಯಿಸಿಕೊಂಡರು. ಕೊನೆಯ ಭಾಗದವರು ನೀರಿಗಾಗಿ ರಸ್ತೆ ತಡೆಯುವುದನ್ನು ಕಲಿತರು. ತಗ್ಗಿನ ಗದ್ದೆಗಳಲ್ಲಿ ಚೌಳು ಬೆಳ್ಳಗೆ ಮೇಲೆದ್ದಿತು.

ಜ್ವರದ ಮಾತೂ ಇದೇ ಅಧ್ಯಾಯಕ್ಕೆ ಸೇರಿದ್ದು. ನಾಲೆಯ ನೀರು ಬಂದ ಹಿಂದೆಯೇ ಮಂಡ್ಯದ ಸೀಮೆಗೆ ಮಲೇರಿಯಾ ಬಂದಿತು, ಮತ್ತು ಸಂಸ್ಥಾನದ ಆರೋಗ್ಯ ಇಲಾಖೆಯು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವನ್ನು ಪಡೆದು ಸೊಳ್ಳೆಯ ಬೆನ್ನು ಹತ್ತಬೇಕಾಯಿತು. 1970ರ ದಶಕದ ಕೊನೆಗೆ ಕೋಲಾರ ಮತ್ತು ಮಂಡ್ಯ ಜಿಲ್ಲೆಗಳ ಮಕ್ಕಳನ್ನು ಜಪಾನೀ ಮೆದುಳುಜ್ವರ ಹಿಡಿದಾಗಲೂ, ಅದನ್ನು ಹರಡಿದ ಸೊಳ್ಳೆ ನೀರು ನಿಂತ ಭತ್ತದ ಗದ್ದೆಯಲ್ಲಿಯೇ ಹುಟ್ಟುವಂಥದಾಗಿತ್ತು. ಇನ್ನೊಂದು ಸಂಗತಿಯನ್ನು ಹೇಳಲು ನಾಲಗೆ ಹಿಂಜರಿಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ ಮೂವತ್ತು ಮಂದಿ ತೀರಿಕೊಂಡರು, ಅವರಲ್ಲಿ ಶಾಲೆಯಿಂದ ಮರಳುತ್ತಿದ್ದ ಮಕ್ಕಳಿದ್ದರು. ನೀರು ಹರಿಯತೊಡಗಿ ಎಂಬತ್ತು ವರ್ಷಗಳಿಗೆ ಮೇಲಾಗಿತ್ತು. ಆ ಜಾಗದಲ್ಲಿ ತಡೆಗೋಡೆಯಿರಲಿಲ್ಲ. ಒಂದು ನಿರ್ಮಿತಿಯ ಹೊಣೆಯು ಉದ್ಘಾಟನೆಯ ದಿನಕ್ಕೆ ಮುಗಿಯತಕ್ಕದ್ದೆಂಬ ನಮ್ಮ ರೂಢಿಯನ್ನು ಇದಕ್ಕಿಂತ ಕಠೋರವಾಗಿ ಖಂಡಿಸಬಲ್ಲ ವಾದ ನನ್ನಲ್ಲಿಲ್ಲ.

ಕತ್ತಲೆಯನ್ನು ಮಾತ್ರ ತೋರಿಸಿ ಹೊರಟುಹೋಗುವುದು ಉಪನ್ಯಾಸಕನಿಗೆ ಸುಲಭ. ಆದರೆ ಈ ಜಿಲ್ಲೆಯಲ್ಲಿಯೇ ವಿದ್ಯೆಯು ಹೊಣೆಯರಿತು ನಡೆದುದಕ್ಕೆ ಸಾಕ್ಷಿಯುಂಟು, ಮತ್ತು ಅದು ನಿಮ್ಮ ಊಟದ ತಟ್ಟೆಯಲ್ಲಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ನಾಡು ‘ರಾಗಿ ಬ್ರಹ್ಮ’ ಎಂದು ಕರೆಯುತ್ತದೆ. ರಾಗಿಯ ಹೂವು ಬರಿಗಣ್ಣಿಗೆ ನೆಟ್ಟಗೆ ಕಾಣದಷ್ಟು ಸಣ್ಣದು. ನಸುಕಿನಲ್ಲಿ ಅರಳಿ ತನ್ನ ಪರಾಗವನ್ನು ತಾನೇ ಸ್ವೀಕರಿಸಿ ಮುಚ್ಚಿಕೊಳ್ಳುವ ಸ್ವಭಾವದ್ದು. ಆದ್ದರಿಂದ ಎರಡು ರಾಗಿಗಳನ್ನು ಸಂಕರಗೊಳಿಸುವವರು ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಜತೆ ಮಾಡಿ ಕಟ್ಟಿ, ಬಿದ್ದ ಬೀಜವನ್ನು ಬಿತ್ತಿ, ಹಸುರು ಪೈರಿನ ನಡುವೆ ನೇರಳೆಯ ಛಾಯೆ ತೋರಿದ ಸಸಿಯೊಂದು ಎಲ್ಲಿಯಾದರೂ ಇದೆಯೇ ಎಂದು ಒಟ್ಲುಪಾತಿಯನ್ನು ಬಗ್ಗಿ ಬಗ್ಗಿ ಹುಡುಕುವ ಉಪಾಯವನ್ನು ಅನುಸರಿಸುತ್ತಿದ್ದರು. ಇಂಥ ತಾಳ್ಮೆಯ ಕೆಲಸದಿಂದ ಲಕ್ಷ್ಮಣಯ್ಯನವರು ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳನ್ನೂ, ಅನಂತರ ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳ ಸಾಲನ್ನೂ ತಂದರು. ಪಣತದಲ್ಲಿ ರಾಗಿ ಹೆಚ್ಚಿತು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಆ ತಳಿಯ ಒಂದು ಬೊಗಸೆ ಬೀಜವನ್ನು ಪಡೆದ ರೈತನು ಮರುವರ್ಷಕ್ಕೆ ತಾನೇ ತೆಗೆದಿಟ್ಟುಕೊಳ್ಳಬಹುದಾಗಿತ್ತು, ನಂಟರಿಗೆ ಕೊಡಬಹುದಾಗಿತ್ತು, ಹಿಡಿಸದಿದ್ದರೆ ಬಿಟ್ಟು ಹಳೆಯ ರಾಗಿಗೆ ಹಿಂತಿರುಗಬಹುದಾಗಿತ್ತು.

ಅದೇ ಫಾರಂನಿಂದ 1996ರಲ್ಲಿ ಕೆ.ಆರ್.ಎಚ್.–2 ಎಂಬ ಹೈಬ್ರಿಡ್ ಭತ್ತ ಹೊರಬಂದಿತು. ಇಳುವರಿಯಲ್ಲಿ ಅದು ಒಳ್ಳೆಯ ಹೆಸರು ಪಡೆದ ತಳಿಯೇ. ಅದನ್ನು ತಂದ ವಿಜ್ಞಾನಿಗಳ ಶ್ರಮ ಕಡಮೆಯದಲ್ಲ. ಆದರೆ ಹೈಬ್ರಿಡ್ಡಿನ ಗುಣ ಮುಂದಿನ ಪೀಳಿಗೆಯಲ್ಲಿ ಚೆದರಿಹೋಗುವುದರಿಂದ ಬೀಜವನ್ನು ವರ್ಷ ವರ್ಷವೂ ಕೊಳ್ಳಲೇಬೇಕು. ಒಂದೇ ಸಂಸ್ಥೆ, ಒಂದೇ ಸದುದ್ದೇಶ. ಆದರೂ ಒಂದು ಬೀಜ ರೈತನ ಕಣಜಕ್ಕೆ ಸೇರಿತು, ಮತ್ತೊಂದು ರೈತನನ್ನು ಅಂಗಡಿಗೆ ಸೇರಿಸಿತು. ಯಾವ ಬಗೆಯ ವಿದ್ಯೆಗೆ ಹಣ ಕೊಡಬೇಕೆಂಬ ತೀರ್ಮಾನವು ನಡೆಯುವ ಕೊಠಡಿಯಲ್ಲಿ ಈ ವ್ಯತ್ಯಾಸವನ್ನು ಎತ್ತಿ ಹೇಳುವ ರೈತನೊಬ್ಬನು ಕುಳಿತಿರಬೇಕೆಂಬುದು ನನ್ನ ವಾದದ ಸಾರ.

ಕೇಳದೆ ಮಾಡಿದ ಉಪಕಾರ ಹೇಗೆ ವ್ಯರ್ಥವಾಗುತ್ತದೆಂಬುದಕ್ಕೆ ನೆರೆಯ ರಾಮನಗರದ ಒಂದು ಪ್ರಸಂಗವಿದೆ. 1952ರಲ್ಲಿ, ರಾಜಕುಮಾರಿ ಅಮೃತ ಕೌರ್ ಅವರು ಕೇಂದ್ರದ ಆರೋಗ್ಯ ಮಂತ್ರಿಯಾಗಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯು ನ್ಯೂಯಾರ್ಕಿನ ವೈದ್ಯ ಏಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ತಿಂಗಳಿನ ದಿನಗಳನ್ನೆಣಿಸಿ ಗರ್ಭಧಾರಣೆಯನ್ನು ತಪ್ಪಿಸುವ ವಿಧಾನವನ್ನು ರಾಮನಗರದ ಹಳ್ಳಿಗಳಲ್ಲಿ ಪರೀಕ್ಷಿಸಿತು. ಅಕ್ಷರ ಬಾರದ ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರಗಳನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ನಿರ್ಭಯ, ಇನ್ನೊಂದು ಬಂದರೆ ಎಚ್ಚರ. ಉಪಾಯ ಮೇಜಿನ ಮೇಲೆ ಸುಂದರವಾಗಿತ್ತು. ಮನೆಯಲ್ಲಿ, ದೀಪವಿಲ್ಲದ ಕೋಣೆಯಲ್ಲಿ ಬಣ್ಣ ಕಾಣಲಿಲ್ಲ. ಮಗು ಎಳೆದಾಡಿದರೆ ಲೆಕ್ಕ ತಪ್ಪಿತು. ಅತ್ತೆ ನಾದಿನಿಯರ ಕಣ್ಣೆದುರಿಗೆ ಅಂಥ ಸರವನ್ನು ಹಾಕಿಕೊಳ್ಳಲು ನಾಚಿಕೆಯೂ ಅಡ್ಡ ಬಂದಿತು. ಪ್ರಯೋಗವು ಕೈಗೂಡದೆ ಹೋಯಿತು. ಆ ಹೆಂಗಸರಲ್ಲಿ ನಾಲ್ವರನ್ನು ಮುಂಚೆ ಕರೆದು ಕೂರಿಸಿ ಕೇಳಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯಬಹುದಾದ ವಿಷಯವನ್ನು ತಿಳಿಯಲು ವರ್ಷಗಳು ಹಿಡಿದುವು.

ಕೇಳದಿರುವುದರಿಂದ ಬೆಂಕಿಯೂ ಹತ್ತಬಲ್ಲದು. 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಕುಲಾಂತರಿ ಬಿ.ಟಿ. ಹತ್ತಿಯ ಪ್ರಯೋಗ ನಡೆಯುತ್ತಿದ್ದ ಹೊಲವನ್ನು ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘದವರು ಕಿತ್ತು ಸುಟ್ಟರು. ಪೈರನ್ನು ಸುಡುವುದು ಸರಿಯೇ ಎಂದು ಇಂದಿಗೂ ವಾದಿಸಬಹುದು. ಆದರೆ ತನ್ನ ಹೊಲದಲ್ಲಿ ಬೆಳೆದದ್ದು ಎಂಥ ಹತ್ತಿಯೆಂಬುದು ಹೊಲದೊಡೆಯನಿಗೇ ಸರಿಯಾಗಿ ತಿಳಿದಿರಲಿಲ್ಲವೆಂದು ಆಗ ವರದಿಯಾದುದನ್ನು ಓದಿದವರಿಗೆ, ಬೆಂಕಿಗೆ ಮುಂಚೆಯೇ ಒಂದು ಅನ್ಯಾಯ ನಡೆದಿತ್ತೆಂಬುದು ಸ್ಪಷ್ಟವಾಗುತ್ತದೆ. ಇದಾದ ಎರಡು ವರ್ಷದೊಳಗೆ, 2000ದಲ್ಲಿ, ಚಿತ್ರದುರ್ಗ ಜಿಲ್ಲೆಯಲ್ಲಿ ಬೇರೊಂದು ಬಗೆಯ ಕೆಲಸ ನಡೆಯಿತು. ಸಣ್ಣ ರೈತರನ್ನು ಪಂಚರನ್ನಾಗಿ ಕೂರಿಸಿ, ಕಂಪನಿಯವರ ಮಾತನ್ನೂ ವಿಜ್ಞಾನಿಗಳ ಮಾತನ್ನೂ ವಿರೋಧಿಗಳ ಮಾತನ್ನೂ ಅವರ ಮುಂದೆ ಸಾಕ್ಷ್ಯವಾಗಿ ಇಡಿಸಿ, ಇಂಥ ಕುಲಾಂತರಿ ಬೀಜವನ್ನು ನಿಮ್ಮ ಹೊಲದಲ್ಲಿ ಬಿತ್ತುವಿರಾ ಎಂದು ಕೇಳಲಾಯಿತು. ಹೆಚ್ಚು ಮಂದಿ ಒಲ್ಲೆವೆಂದರು, ಕೆಲವರು ಬಿತ್ತುವೆವೆಂದರು. 2009ರಲ್ಲಿ ರಾಯಚೂರಿನಲ್ಲಿ ‘ರೈತ ತೀರ್ಪು’ ಎಂಬ ಹೆಸರಿನಿಂದ, ಕೃಷಿ ಸಂಶೋಧನೆಯ ದಿಕ್ಕು ಯಾವುದಾಗಬೇಕೆಂಬುದರ ಮೇಲೆಯೇ ಇಂಥ ಇನ್ನೊಂದು ಪಂಚಾಯ್ತಿ ಸೇರಿತು. ಹಳ್ಳಿಯವರಿಗೆ ವಿಜ್ಞಾನ ತಿಳಿಯದೆಂದು ಮುಖ ತಿರುಗಿಸುವವರು ಈ ಎರಡು ಸಭೆಗಳ ವೃತ್ತಾಂತವನ್ನೊಮ್ಮೆ ಓದಿ ನೋಡಬೇಕು. ಆದರೆ ಅವುಗಳ ತೀರ್ಪಿಗೆ ಕಾನೂನಿನ ಬಲವಿರಲಿಲ್ಲ. ಸಭೆ ಮುಗಿದ ಮೇಲೆ ಅದಕ್ಕೆ ಉತ್ತರ ಕೊಡಬೇಕಾದ ಬಾಧ್ಯತೆ ಯಾರಿಗೂ ಇರಲಿಲ್ಲ.

ಬದನೆಯ ವಿಷಯ ನಿಮಗೆ ಗೊತ್ತೇ ಇದೆ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿಯು ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟ ಬಳಿಕ, ಪರಿಸರ ಮಂತ್ರಿ ಜೈರಾಂ ರಮೇಶ್ ಅವರು ಏಳು ನಗರಗಳಲ್ಲಿ ಸಾರ್ವಜನಿಕ ಸಭೆಗಳನ್ನು ನಡೆಸಿ, ಕೊನೆಯದನ್ನು ಬೆಂಗಳೂರಿನಲ್ಲಿ ಮುಗಿಸಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಆ ಸಭೆಗಳಲ್ಲಿ ಕೂಗಾಟ ಬಹಳವಿತ್ತು. ವಿಚಾರಣೆಯೆಂಬುದು ಜಾತ್ರೆಯಾಯಿತೆಂದು ಅನೇಕ ವಿಜ್ಞಾನಿಗಳು ನೊಂದುಕೊಂಡರು. ಆ ನೋವಿನಲ್ಲಿ ಸತ್ಯಾಂಶವಿಲ್ಲದಿಲ್ಲ: ಎಲ್ಲ ಮುಗಿದ ಮೇಲೆ ಕೊನೆಯ ಗಳಿಗೆಯಲ್ಲಿ ಬಾಗಿಲು ತೆರೆದರೆ ನುಗ್ಗುವ ಗುಂಪಿನಿಂದ ಸಾವಧಾನವನ್ನು ಅಪೇಕ್ಷಿಸಲಾಗದು. ಬಾಗಿಲನ್ನು ಬಹು ಮುಂಚೆ ತೆರೆಯಬೇಕಾಗಿದ್ದ ಸ್ಥಳ ಬೇರೆ ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಿ.ಟಿ. ಬದನೆಯ ಯೋಜನೆಯಲ್ಲಿ ಪಾಲುಗೊಂಡು ನಮ್ಮ ನಾಡಿನ ಸ್ಥಳೀಯ ಬದನೆಗಳನ್ನು ಬಳಸಿದಾಗ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಡೆಯಬೇಕಾಗಿದ್ದ ಅನುಮತಿಯನ್ನು ಪಡೆದಿಲ್ಲವೆಂದು ಬೆಂಗಳೂರಿನ ಸಂಘಟನೆಯೊಂದು ದೂರಿತು. ಆ ಬದನೆಗಳ ಸಾಲಿನಲ್ಲಿ ಉಡುಪಿಯ ಮಟ್ಟುಗುಳ್ಳದ ಹೆಸರೂ ಕೇಳಿಬಂದಿತು; ವಾದಿರಾಜಸ್ವಾಮಿಗಳು ಕೊಟ್ಟ ಬೀಜವೆಂದು ಮಟ್ಟು ಗ್ರಾಮದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗುಳ್ಳ ಅದು.

ಪಾಶ್ಚಾತ್ಯರು ಸಂಶೋಧನೆಯ ಹೊಣೆಯ ಈ ಚಿಂತನೆಯನ್ನು ಶಾಸ್ತ್ರವನ್ನಾಗಿ ಕಟ್ಟಿದ್ದಾರೆ. ಮುಂದೆ ಏನಾದೀತೆಂದು ಊಹಿಸು, ನಿನ್ನ ಉದ್ದೇಶವನ್ನು ನೀನೇ ಶಂಕಿಸು, ಬಾಧಿತರನ್ನು ಒಳಗೊಳ್ಳು, ಕೇಳಿದ ಮೇಲೆ ಬದಲಾಗು ಎಂದು ಅವರ ವಿದ್ವಾಂಸರು ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. 2014ರಲ್ಲಿ ರೋಮ್ ನಗರದಲ್ಲಿ ಒಂದು ಘೋಷಣೆಯೂ ಹೊರಟಿತು. ಐರೋಪ್ಯ ಒಕ್ಕೂಟವು 2020ರವರೆಗಿನ ತನ್ನ ಸಂಶೋಧನಾ ಯೋಜನೆಯಲ್ಲಿ ಈ ತತ್ತ್ವಕ್ಕೆ ವಿಶೇಷ ಸ್ಥಾನ ಕೊಟ್ಟು, ಮುಂದಿನ ಯೋಜನೆಯಲ್ಲಿ ಅದನ್ನು ಪ್ರತ್ಯೇಕ ಶೀರ್ಷಿಕೆಯಿಂದ ಇಳಿಸಿಬಿಟ್ಟಿತು. ಅಲ್ಲಿಂದ ಘೋಷಣೆಯನ್ನು ಆಮದು ಮಾಡಿಕೊಳ್ಳುವುದರಲ್ಲಿ ನನಗೆ ಉತ್ಸಾಹವಿಲ್ಲ, ಏಕೆಂದರೆ ನಮ್ಮಲ್ಲಿ ಘೋಷಣೆಗಿಂತ ಗಟ್ಟಿಯಾದ ಒಂದು ವಸ್ತು ಈಗಾಗಲೇ ಇದೆ. ಅದು ಕಾಯಿದೆಯ ಕಲಂ. 2002ರ ಕಾಯಿದೆಯ 41ನೆಯ ಕಲಮಿನಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರತಕ್ಕದ್ದು. ಆ ಸಮಿತಿಯ ಎಲ್ಲೆಯೊಳಗಿನ ಸಸ್ಯ, ಬೀಜ, ಪ್ರಾಣಿಗಳ ಬಳಕೆಯ ಬಗ್ಗೆ ತೀರ್ಮಾನಿಸುವಾಗ ಮೇಲಿನ ಪ್ರಾಧಿಕಾರಗಳು ಅದನ್ನು ಕೇಳತಕ್ಕದ್ದು. ಅದಕ್ಕೂ ಹಿಂದಿನ 1989ರ ನಿಯಮಗಳಲ್ಲಿ, ಕುಲಾಂತರಿ ಜೀವಿಗಳ ಮೇಲೆ ಕಣ್ಣಿಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾಮಟ್ಟದ ಸಮಿತಿಯನ್ನು ಹೇಳಿದೆ. ಈ ಸಮಿತಿಗಳು ನಿಮ್ಮ ಕಣ್ಣಿಗೆ ಬಿದ್ದಿರುವುವೇ? ಬಿದ್ದಿಲ್ಲವೆಂದು ನಿಮ್ಮ ನಗುವೇ ಹೇಳುತ್ತಿದೆ.

ಈ ಮಾತನ್ನು ಇಂದೇ ಆಡುವುದಕ್ಕೆ ಕಾರಣವುಂಟು. 2022ರ ಮಾರ್ಚ್ 30ರಂದು ಕೇಂದ್ರ ಸರಕಾರವು, ಹೊರಗಿನ ಜೀವಿಯ ಅಂಶವನ್ನು ಸೇರಿಸದೆ ಇರುವ ವಂಶವಾಹಿಯನ್ನೇ ತಿದ್ದಿದ ಸಸ್ಯಗಳನ್ನು 1989ರ ನಿಯಮಗಳ ಮುಖ್ಯ ಭಾಗದಿಂದ ಬಿಡುಗಡೆ ಮಾಡಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಸಾರಿದರು: ಸಾಂಬಾ ಮಸೂರಿಯನ್ನು ತಿದ್ದಿದ ‘ಕಮಲಾ’ ಒಂದು, ಎಂ.ಟಿ.ಯು. 1010ನ್ನು ತಿದ್ದಿದ ‘ಪೂಸಾ ಡಿ.ಎಸ್.ಟಿ. ರೈಸ್–1’ ಇನ್ನೊಂದು. ಒಂದು ಬೇಗ ಕಟಾವಿಗೆ ಬರುತ್ತದೆಂದೂ ಇನ್ನೊಂದು ಚೌಳನ್ನು ತಾಳುತ್ತದೆಂದೂ ತಂದವರು ಹೇಳುತ್ತಾರೆ. ಹಾಗಾದರೆ ಬಹಳ ಒಳ್ಳೆಯದು, ವಿಶ್ವೇಶ್ವರಯ್ಯ ನಾಲೆಯ ತಗ್ಗಿನ ಗದ್ದೆಗಳಿಗೆ ಅದಕ್ಕಿಂತ ಬೇಕಾದುದು ಬೇರೆಯಿಲ್ಲ. ತಿದ್ದಿದ ಸಸ್ಯವನ್ನು ಕುಲಾಂತರಿಯ ತಕ್ಕಡಿಯಲ್ಲಿಯೇ ತೂಗಬೇಕಾಗಿಲ್ಲವೆಂಬ ವಿಜ್ಞಾನಿಗಳ ವಾದವೂ ನನಗೆ ಯುಕ್ತವಾಗಿಯೇ ತೋರುತ್ತದೆ. ಆದರೆ ಆ ವಿನಾಯಿತಿಯ ಫಲವಾಗಿ ಪರಿಶೀಲನೆಯ ಭಾರವು ಬಹುಮಟ್ಟಿಗೆ ಸಂಸ್ಥೆಯ ಒಳಗಿನ ಸಮಿತಿಗಳ ಮೇಲೆ ಬಿದ್ದಿದೆ. ಹೊರಗಿನವರು ಕಾಗದಪತ್ರ ನೋಡಬೇಕೆಂದರೆ ಯಾರ ಬಾಗಿಲು ತಟ್ಟಬೇಕೆಂಬುದು ಅಸ್ಪಷ್ಟವಾಗಿದೆ. ವಂಶವಾಹಿಯನ್ನು ಕತ್ತರಿಸುವ ಸಾಧನದ ಪೇಟೆಂಟು ಹೊರದೇಶದವರ ಕೈಯಲ್ಲಿರುವಾಗ ರೈತನು ಬೀಜ ಎತ್ತಿಟ್ಟುಕೊಳ್ಳುವ ಹಕ್ಕು ಏನಾಗುವುದು? 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಆ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಅದು ಮುಂದೆಯೂ ನಿಲ್ಲುವುದೆಂದು ಸಂಶೋಧಕರು ಬಿಡುಗಡೆಗೆ ಮುಂಚೆಯೇ ಬರೆದು ಕೊಡಬೇಡವೇ? ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಅವರು ನೂರಾರು ಬಗೆಯ ನಾಟಿ ಭತ್ತಗಳನ್ನು ತಮ್ಮ ಗದ್ದೆಯಲ್ಲಿ ವರ್ಷವರ್ಷವೂ ಬಿತ್ತಿ ಉಳಿಸುತ್ತಿರುವಾಗ, ಭತ್ತದ ಭವಿಷ್ಯವನ್ನು ಚರ್ಚಿಸುವ ಸಮಿತಿಯಲ್ಲಿ ಅಂಥವರಿಗೆ ಆಹ್ವಾನಿತರ ಕುರ್ಚಿಯಲ್ಲ, ಸದಸ್ಯರ ಕುರ್ಚಿಯೇ ಇರಬೇಡವೇ?

ವಿ.ಸಿ. ಫಾರಂನಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವು ರೂಪುಗೊಳ್ಳುತ್ತಿರುವ ಈ ಕಾಲವೇ ಕೇಳುವ ಕಾಲ. ಆ ವಿಶ್ವವಿದ್ಯಾಲಯವು ತನ್ನ ಪ್ರತಿಯೊಂದು ಕ್ಷೇತ್ರಪ್ರಯೋಗವನ್ನೂ ಬಿತ್ತನೆಗೆ ಒಂದು ಹಂಗಾಮು ಮುಂಚೆ ಆ ಊರಿನ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಸಿ ಹಾಕಲಿ: ಏನು ಬಿತ್ತುತ್ತೇವೆ, ಏಕೆ ಬಿತ್ತುತ್ತೇವೆ, ಹಣ ಯಾರದು, ನಷ್ಟವಾದರೆ ತುಂಬಿಕೊಡುವವರು ಯಾರು. ಊರಿನ ಸಮಿತಿಯು ಸಕಾರಣವಾಗಿ ನಿಲ್ಲಿಸೆಂದರೆ ಪ್ರಯೋಗ ನಿಲ್ಲಲಿ, ಮತ್ತು ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬರಲಿ. ತಳಿಯಾಗಲಿ ನಾಲೆಯಾಗಲಿ ರಸ್ತೆಯಾಗಲಿ, ಬಂದ ಮೇಲೆ ಹತ್ತು ವರ್ಷಗಳವರೆಗೆ ಅದರ ಲೆಕ್ಕವನ್ನು ಗ್ರಾಮಸಭೆಗೆ ಒಪ್ಪಿಸುವ ಅಧಿಕಾರಿಯೊಬ್ಬರನ್ನು ಹೆಸರಿಟ್ಟು ಗೊತ್ತುಮಾಡಲಿ. ಇದರಿಂದ ಸಂಶೋಧನೆ ನಿಧಾನವಾಗುವುದೆಂದು ಆಕ್ಷೇಪಿಸುವವರುಂಟು, ಆಗಬಹುದು. ದಶಪಥದ ಬೇಲಿಗಾಗಿ, ನಾಲೆಯ ಗೋಡೆಗಾಗಿ ನಾವು ಕಾದ ಕಾಲವನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.

ಇನ್ನು ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆ. ಬರುವ ಗ್ರಾಮಸಭೆಯಲ್ಲಿ ಈ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರು ಯಾರೆಂದು ಪಿ.ಡಿ.ಒ. ಅವರನ್ನು ಕೇಳಿರಿ, ಜನತಾ ಜೀವವೈವಿಧ್ಯ ದಾಖಲಾತಿಯ ಪುಸ್ತಕವನ್ನು ತರಿಸಿ, ನಿಡಘಟ್ಟದ ರಾಗಿ, ಭತ್ತ, ಅವರೆಗಳ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿಸಿರಿ, ಆ ಪುಟ ಖಾಲಿಯಿದ್ದರೆ, ಬೀಜದ ಸಂಗತಿ ಬಲ್ಲ ಅಜ್ಜಿಯೊಬ್ಬರನ್ನು ಅಂದೇ ಕರೆತಂದು ಬರೆಯತೊಡಗಿರಿ.